ಇಪ್ಪತ್ನಾಲ್ಕು ನಾಮದ ಸಾಬೂನು

ಅಂಬೂಬಾಯಿಯವರ ಕೈ ಹೊಲಸಾಗಿದೆ ಎಂದು ಹೇಳುವ ಗಂಡಸು ಆದೋನಿಯಲ್ಲಿ ಹುಟ್ಟಿರಲಿಲ್ಲ. ಹೇಳಲೇಬೇಕಾದ ಹೆಂಗಸೊಬ್ಬಳು ಬೆಳಗಲ್ಲಿನಿಂದ ಸೊಸೆಯಾಗಿ ಬಂದಿದ್ದಳು. ಆದರೆ ಸೊಸೆಯ ಮಾತು ನಾಲಿಗೆಯ ತುದಿಯವರೆಗೆ ಬಂದು, ಹಲ್ಲಿನ ಬಾಗಿಲು ಹಾಕಿರುವುದನ್ನು ಕಂಡು, ಬಂದ ದಾರಿಯಲ್ಲೇ ವಾಪಸು ಹೋಗುವುದು ಆ ಮನೆಯ ಪದ್ಧತಿ.

ಅಂಬೂಬಾಯಿಯವರು ಇಪ್ಪತ್ತೆಂಟಕ್ಕೆ ಗಂಡನನ್ನು ಕಳೆದುಕೊಂಡವರು. ಅಂದಿನಿಂದ ಮೈಮೇಲೆ ಕೆಂಪು ಸೀರೆ, ಒಲೆಯ ಮುಂದೆ ಮಡಿ. ನಸುಕಿನಲ್ಲಿ ಬಾವಿಯ ನೀರು ಸುರಿದುಕೊಂಡು, ಯಾರೂ ಮುಟ್ಟದೆ ಒಣಗಿದ ಸೀರೆ ಉಟ್ಟು ಅಡಿಗೆಮನೆ ಹೊಕ್ಕರೆಂದರೆ, ದೇವರಿಗೆ ನೈವೇದ್ಯವಾಗಿ ಎಲ್ಲರ ಊಟ ಮುಗಿಯುವ ತನಕ ಅವರನ್ನು ಯಾರೂ ಮುಟ್ಟುವಂತಿಲ್ಲ, ಅವರೂ ಯಾರನ್ನೂ ಮುಟ್ಟುವಂತಿಲ್ಲ. ಹಿತ್ತಲ ಕಾಗೆ ಕೂಡ ಅವರನ್ನು ಕಂಡರೆ ಒಂದು ಮೊಳ ಸರಿದು ಕೂಡುತ್ತಿತ್ತು. ಬಟ್ಟೆ ತೊಟ್ಟ ಮೊಮ್ಮಗನೂ ದೂರವೇ. ಬಟ್ಟೆಯಿಲ್ಲದ ಮೊಮ್ಮಗನಾದರೆ ಅಡ್ಡಿಯಿಲ್ಲ. ಮೈಲಿಗೆ ಇರುವುದು ಅಂಗಿಯಲ್ಲಿ, ಕೂಸಿನಲ್ಲಲ್ಲ. ಹೀಗಾಗಿ ಮೂರು ವರ್ಷದ ಸೇತುಮಾಧವ ದಿನಾ ಉಡಿದಾರವೊಂದನ್ನೇ ಧರಿಸಿ ಅಜ್ಜಿಯ ಮುಂದೆ ಚಕ್ಕಳಮಕ್ಕಳ ಕೂತು ಕೈತುತ್ತು ಉಣ್ಣುತ್ತಿದ್ದ. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಎಮರ್ಜೆನ್ಸಿ ಮುಗಿದ ಮರುವರ್ಷದ ಬೇಸಿಗೆ. ಎರಡು ತಿಂಗಳಲ್ಲಿ ಮೂರನೇ ಸಲ ಕೂಸಿಗೆ ಭೇದಿ ಹತ್ತಿತು. ಸೊಸೆ ಜಯಾಬಾಯಿ ಅವನನ್ನು ಹೆಗಲಿಗೆ ಹಾಕಿಕೊಂಡು ಡಾಕ್ಟರ ಹತ್ತಿರ ಓಡಿದಳು. ಡಾಕ್ಟರು ಹುಡುಗನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟರು. ಚರ್ಮ ಎತ್ತಿದಂತೆಯೇ ನಿಂತಿತು.

"ಪಿಲ್ಲೋಡಿನ ಮೈಯಾಗ ನೀರೇ ಇಲ್ಲಮ್ಮಾ. ಉಣಿಸೋರು ಯಾರು?"

"ಅವರಜ್ಜಿ."

"ಅಜ್ಜಿ ಸಬ್ಬಿಲೆ ಕೈ ತೊಳಕೊಂತಾರೇನು?"

ಜಯಾ ತನ್ನ ಕಾಲಬೆರಳು ನೋಡಿಕೊಂಡಳು. "ಸಾಬೂನ್ಲೆ ಅಲ್ರಿ, ಮಣ್ಣಿಲೆ ತೊಳಕೋತಾರ್ರಿ."

"ಎಲ್ಲಿ ಮಣ್ಣು?"

ಮಣ್ಣಿನ ಗುಡ್ಡೆ ಇದ್ದದ್ದು ಹಿತ್ತಲ ಮೂಲೆಯಲ್ಲಿ, ಪಾಯಖಾನೆಯ ಗೋಡೆಗೆ ಹತ್ತಿ. ಅದರ ಮಗ್ಗುಲಲ್ಲೇ ಸೇತು ಬೆಳಿಗ್ಗೆ ಕೂಡುತ್ತಿದ್ದ. ಮಳೆ ಬಂದರೆ ಎರಡೂ ಒಂದಾಗುತ್ತಿದ್ದವು.

"ಇನ್ನೊಮ್ಮೆ ಹಿಂಗಾದ್ರ ನನ್ನ ಕೈಲಿ ಆಗಂಗಿಲ್ಲ," ಎಂದರು ಡಾಕ್ಟರು. "ಕರ್ನೂಲಿಗೆ ಎತ್ಕೊಂಡು ಹೋಗ್ಬೇಕಾಗ್ತದ. ದಾರಿಯಾಗ ಏನಾದ್ರೂ ಆದ್ರ ಬಸ್ಸಿನವನನ್ನ ಬೈಬ್ಯಾಡ್ರಿ."

ಹೊರಗೆ ದವಾಖಾನೆಯ ಆಯಾ ದಸ್ತಗಿರಮ್ಮ ನಲ್ಲಿಯ ಹತ್ತಿರ ಅವಳನ್ನು ನಿಲ್ಲಿಸಿಕೊಂಡಳು. ಔಷಧ ಕೊಡುವುದು ಡಾಕ್ಟರ ಕೆಲಸ, ಬುದ್ಧಿ ಕೊಡುವುದು ತನ್ನದು ಎಂದು ಆಕೆ ತಿಳಿದಿದ್ದಳು.

"ನೋಡವ್ವಾ, ಸಬ್ಬು ಮುಟ್ಟಿ ನೀರಾಗ ಅದ್ದಿದ್ರ ಕೈ ತೊಳದಂಗಲ್ಲ. ಅಂಗೈಗೆ ಅಂಗೈ, ಹಿಂಗೈಗೆ ಅಂಗೈ, ಬೆರಳ ಸಂದಿ, ಉಗುರ ಕೆಳಗ. ಇಪ್ಪತ್ತು ಎಣಿಸೋ ತನಕ ತಿಕ್ಕಬೇಕು. ಬಾವಿ ಉಪ್ಪುನೀರಿಗೆ ನೊರಿ ಏಳಂಗಿಲ್ಲ, ನಲ್ಲಿನೀರೇ ಬೇಕು. ತೊಳದ ಕೈನ ಸೀರಿಗೆ ಒರಸಬ್ಯಾಡ, ಗಾಳಿಗೆ ಬಿಡು. ನಿಮ್ಮತ್ತಿಗೂ ಹೇಳು."

"ನೀನೇ ಬಂದು ಹೇಳ್ತೀಯೇನ ದಸ್ತಗಿರಮ್ಮ?"

"ಯವ್ವಾ! ನಾ ಹೊಸ್ತಿಲು ಮುಟ್ಟಿದ್ರ ಮನಿ ಪೂರಾ ತೊಳೀತಾಳ ನಿಮ್ಮತ್ತಿ. ಇರೋ ನೀರೂ ಖಾಲಿ."

ಮೂರನೇ ದಿನಕ್ಕೆ ಕೂಸು ಕಣ್ಣುಬಿಟ್ಟು ಗಂಜಿ ಕೇಳಿತು. ಅಂದು ರಾತ್ರಿಯ ಊಟಕ್ಕೆ ಕೂತಾಗ ಜಯಾ ವಿಷಯ ತೆಗೆದಳು. ಗಂಡ ಪ್ರಾಣೇಶ ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಗುಮಾಸ್ತ. ಸಂಜೆ ಮನೆಗೆ ಬರುವಾಗ ಹುಬ್ಬಿನ ಮೇಲೆ ಹತ್ತಿಯ ಎಳೆ, ಕಿವಿಯಲ್ಲೂ ಒಂದಿಷ್ಟು ಹತ್ತಿ ಇರುತ್ತಿತ್ತು. ಅತ್ತೆ ಸೊಸೆಯರ ನಡುವೆ ಬದುಕಲು ಕಿವಿಯ ಹತ್ತಿ ಅನುಕೂಲವಾಗಿಯೇ ಇತ್ತು.

"ಡಾಕ್ಟರು ಎಲ್ಲರೂ ಸಾಬೂನ್ಲೆ ಕೈ ತೊಳಕೋಬೇಕಂದ್ರು," ಎಂದಳು ಜಯಾ, ಯಾರಿಗೂ ಅಲ್ಲವೆಂಬಂತೆ, ಸಾರಿನ ಪಾತ್ರೆಗೆ.

ಗೋಡೆಯ ಹತ್ತಿರ ಅವಲಕ್ಕಿ ಮಜ್ಜಿಗೆಯ ಫಲಾಹಾರಕ್ಕೆ ಕೂತಿದ್ದ ಅಂಬೂಬಾಯಿ ಕೇಳಿಸಿಕೊಂಡರು. "ಎಲ್ಲರೂ ಅಂದ್ರ?"

"ಎಲ್ಲರೂ ಅಂದ್ರ... ಕೂಸಿಗೆ ಉಣಿಸೋರು."

"ಅಂದ್ರ ನಾನು." ಅವರು ಮಜ್ಜಿಗೆಯ ಬಟ್ಟಲನ್ನು ಕೆಳಗಿಟ್ಟರು. "ಎಡಗೈಗೆ ಹತ್ತು ಸಲ, ಎರಡೂ ಕೈಗೆ ಕೂಡಿ ಏಳು ಸಲ ಮಣ್ಣು ಹಚ್ಚಿ ತೊಳಕೋಬೇಕು ಅಂತ ಶಾಸ್ತ್ರದಾಗ ಅದ. ನಾ ಒಂದು ಸಲಾನೂ ತಪ್ಪಿಸಿಲ್ಲ. ನಿನ್ನ ಡಾಕ್ಟರಪ್ಪ ಸಾಬೂನ ಎಷ್ಟು ಸಲ ಹಚ್ಚು ಅಂದಾನ?"

"ಒಂದೇ ಸಲ."

"ಮತ್ತ? ಹದಿನೇಳು ಹೆಚ್ಚೋ ಒಂದು ಹೆಚ್ಚೋ?"

ಪ್ರಾಣೇಶ ಅನ್ನಕ್ಕೆ ಇನ್ನಷ್ಟು ಸಾರು ಹಾಕಿಸಿಕೊಂಡ. "ಇಬ್ಬರೂ ಕೂತು ಒಂದು ಮಾತಿಗೆ ಬರ್ರಿ," ಎಂದ.

"ನೀ ಬಾಯಿ ಮುಚ್ಕೊಂಡು ಉಣ್ಣು," ಎಂದರು ತಾಯಿ. ಅವನು ಮಾಡುತ್ತಿದ್ದದ್ದೂ ಅದನ್ನೇ.

ಉಗುರಿನ ಮಾತು ಎತ್ತುವ ಧೈರ್ಯ ಜಯಾಳಿಗೆ ಬರಲೇ ಇಲ್ಲ. ಅಂಬೂಬಾಯಿಯವರ ಉಗುರು ಉದ್ದವಾಗಿದ್ದವು, ಅಂದಕ್ಕಲ್ಲ. ಮಂಗಳವಾರ ಶುಕ್ರವಾರ ಉಗುರು ತೆಗೆಯುವಂತಿಲ್ಲ, ಗುರುವಾರ ರಾಯರ ದಿನ, ಶನಿವಾರ ಹನುಮಪ್ಪನದು, ಸೋಮವಾರ ಗಂಡ ತೀರಿಕೊಂಡ ವಾರ, ಭಾನುವಾರ ಕೂಸು ಹುಟ್ಟಿದ ವಾರ. ಉಳಿದದ್ದು ಬುಧವಾರ. ಬುಧವಾರ ಏಕಾದಶಿಯೋ ದ್ವಾದಶಿಯೋ ಅಮಾವಾಸ್ಯೆಯೋ ಬಂದು ಅದನ್ನೂ ಕಸಿದುಕೊಳ್ಳುತ್ತಿತ್ತು.

ಆದರೂ ಕೂಸಿನ ಹೊಟ್ಟೆಯ ಚರ್ಮ ಎತ್ತಿದಂತೆ ನಿಂತದ್ದು ಅವಳ ಕಣ್ಣಿಂದ ಹೋಗಲಿಲ್ಲ. ಗಂಡನಿಗೆ ಗಂಟುಬಿದ್ದಳು. ಅವನು ಮೊದಲು ತಂದದ್ದು ಕೆಂಪು ಕಾರ್ಬಾಲಿಕ್ ಸಾಬೂನು. ಅಂಬೂಬಾಯಿ ನಾಲ್ಕು ಮಾರು ದೂರದಿಂದ ಮೂಗು ಮುಚ್ಚಿದರು. "ಆಸ್ಪತ್ರಿ ವಾಸನಿ. ಇದರಾಗ ಕೊಬ್ಬು ಇರ್ತದ. ಯಾವ ಪ್ರಾಣೀದು ಅಂತ ನನ್ನ ಬಾಯಿಲೆ ಹೇಳಿಸಬ್ಯಾಡ." ಎರಡನೆಯದು ಗುಲಾಬಿ ಬಣ್ಣದ್ದು, ಪೆಟ್ಟಿಗೆಯ ಮೇಲೆ ಹೆಂಗಸಿನ ಚಿತ್ರವಿದ್ದದ್ದು. "ಇದನ್ನ ಹಚ್ಕೊಂಡು ನಾ ಯಾವ ನಾಟಕದ ಕಂಪನಿ ಸೇರ್ಲಿ?" ಎಂದರು.

ಮೂರನೆಯದಕ್ಕೆ ಜಯಾಳೇ ಹೊರಟಳು. ಖಾದಿ ಭಂಡಾರದ ಮುದುಕನನ್ನು ಗೋಳುಹೊಯ್ದು ಕೇಳಿದಳು. ಅವನು ಅಂಗೈಯಗಲದ ಹಸಿರು ಬಿಲ್ಲೆಯೊಂದನ್ನು ಗಾಜಿನ ಮೇಲಿಟ್ಟು, "ಬೇವಿನೆಣ್ಣಿ, ಕೊಬ್ರಿ ಎಣ್ಣಿ, ಕ್ಷಾರ. ಗಾಂಧಿ ಆಣೆಗೂ ಬ್ಯಾರೆ ಏನಿಲ್ಲಮ್ಮಾ," ಎಂದ.

ಗಾಂಧಿಯ ಆಣೆ ಅಂಬೂಬಾಯಿಗೆ ಸಾಲಲಿಲ್ಲ. ಸಾಬೂನಿನ ಒಂದು ಚೂರನ್ನು ಇಕ್ಕಳದಲ್ಲಿ ಹಿಡಿಸಿ, ಹಿತ್ತಲಲ್ಲಿ ಕೆಂಡದ ಮೇಲೆ ಹಾಕಿಸಿದರು. ಹೊಗೆ ಎದ್ದಿತು. ದೂರದಲ್ಲಿ ನಿಂತು ಮೂಸಿದರು. ಕಹಿ ಬೇವಿನ ವಾಸನೆ. ಪಾತ್ರೆ ತಿಕ್ಕಲು ಬಂದಿದ್ದ ಹುಲುಗಮ್ಮನೂ ಮೂಸಿ, "ಕೊಬ್ಬಿದ್ರ ನನಗ ಬಾಯಾಗ ನೀರು ಬರ್ತಿತ್ತವ್ವಾ, ಬರಲಿಲ್ಲ," ಎಂದು ಸಾಕ್ಷಿ ಹೇಳಿದಳು. ಆ ಸಾಕ್ಷಿಯನ್ನು ತಳ್ಳಿಹಾಕಲು ಅಂಬೂಬಾಯಿಗೂ ಆಗಲಿಲ್ಲ.

"ಆತು. ಕೂಸಿನ ಸಲುವಾಗಿ," ಎಂದರು. "ಆದ್ರ ನನ್ನ ಸಾಬೂನ ಬ್ಯಾರೆ. ತೆಂಗಿನ ಚಿಪ್ಪಿನಾಗ, ಗೋಡಿ ಮ್ಯಾಲೆ. ಯಾರೂ ಮುಟ್ಟಬಾರದು. ನೀ ಮ್ಯಾಲಿಂದ ನೀರು ಹಾಕಬೇಕು."

ಜಯಾ ಚಿಪ್ಪಿನ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಸಾಬೂನು ನೀರಲ್ಲಿ ಕರಗಿ ಲೋಳೆಯಾಗದಂತೆ ಒಳಗೆ ಎರಡು ಕಡ್ಡಿ ಇಟ್ಟಳು. ನಲ್ಲಿಯ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಕುಡಿಯಲು ಇಟ್ಟ ಕೊಡದಿಂದಲೇ ತಂಬಿಗೆ ತುಂಬಿ ಅತ್ತೆಯ ಕೈಮೇಲೆ ಸುರಿದಳು. "ನೀವು ಗಿಂಡಿಯಷ್ಟು ಉಂಡು ಕೊಡದಷ್ಟು ಕೈ ತೊಳೀತೀರಿ," ಎಂದು ಹುಲುಗಮ್ಮ ನಕ್ಕಳು. ಇಪ್ಪತ್ತು ಎಣಿಸಬೇಕು ಎಂದು ಜಯಾ ಹೇಳಿದ್ದಕ್ಕೆ ಅಂಬೂಬಾಯಿ, "ಎಣಿಸೋದು ಅಂಗಡಿಯವರ ಕೆಲಸ. ನಾ ಇಪ್ಪತ್ನಾಕು ನಾಮ ಹೇಳ್ತೀನಿ," ಎಂದು ಕೇಶವ, ನಾರಾಯಣ, ಮಾಧವ ಎಂದು ಶುರುಮಾಡಿದರು. ಶ್ರೀಧರನ ಹೊತ್ತಿಗೆ ಬೆರಳ ಸಂದಿ, ದಾಮೋದರನಿಗೆ ಉಗುರು, ಕೃಷ್ಣನಿಗೆ ಬಂದಾಗ ಎರಡು ಕೈಯೂ ಬಿಳಿ ನೊರೆ. ನೀರು ಸುರಿಯುತ್ತಿದ್ದ ಜಯಾಳಿಗೆ, ದೇವರಿಗೆ ಅಷ್ಟು ಹೆಸರು ಇರುವುದರ ಉಪಯೋಗ ಮೊದಲ ಸಲ ತಿಳಿಯಿತು.

ಹನ್ನೆರಡು ದಿನ ಮನೆಯಲ್ಲಿ ಬೇವಿನ ವಾಸನೆ, ನೆಮ್ಮದಿ. ಹದಿಮೂರನೇ ದಿನ ಮಧ್ಯಾಹ್ನ ಸೇತು ಉಂಡದ್ದನ್ನೆಲ್ಲ ಕಾರಿಕೊಂಡ. ಸಂಜೆಯೊಳಗೆ ಐದು ಸಲ ಹಿತ್ತಲಿಗೆ ಹೋದ. ಆರನೇ ಸಲ ಹೋಗಲು ಅವನಿಗೆ ಶಕ್ತಿಯಿರಲಿಲ್ಲ.

ಉಪ್ಪು ಸಕ್ಕರೆಯ ನೀರನ್ನು ಚಮಚ ಚಮಚ ಕುಡಿಸುತ್ತ ಜಯಾ ಲೆಕ್ಕ ಹಾಕಿದಳು. ತನ್ನ ಕೈ ತೊಳೆದದ್ದು, ಕೂಸಿನ ಕೈ ತೊಳೆದದ್ದು, ಅತ್ತೆಯ ಕೈಗೆ ತಾನೇ ನಿಂತು ನೀರು ಹಾಕಿದ್ದು. ಎಲ್ಲಿ ತಪ್ಪಿತು?

ಮರುದಿನ ಬೆಳಿಗ್ಗೆ ಅತ್ತೆ ಕೃಷ್ಣನ ತನಕ ಹೇಳಿ ಕೈ ತೊಳೆದುಕೊಂಡು ಒಳಗೆ ಹೋದಾಗ, ಜಯಾ ತಂಬಿಗೆ ಕೆಳಗಿಡದೆ ಹಿಂದೆಯೇ ಹೋದಳು. ಅಡಿಗೆಮನೆಯ ಹೊಸ್ತಿಲ ಬದಿಯಲ್ಲಿ ಒಂದು ಹಿತ್ತಾಳೆ ಬಟ್ಟಲಿತ್ತು. ಅದರಲ್ಲಿ ಸೆಗಣಿ ಕದಡಿದ ನೀರು. ಅಂಬೂಬಾಯಿ ಎರಡೂ ಕೈಯ ಬೆರಳನ್ನು ಅದರಲ್ಲಿ ಬುಡದ ತನಕ ಅದ್ದಿ, ಕೊಡವಿ, ಒಳಗೆ ಕಾಲಿಡಲು ಹೊರಟರು.

"ಅತ್ಯಾ, ಅದ್ಯಾಕ್ರಿ?"

"ಯಾಕ ಅಂದ್ರ? ಸಾಬೂನ ಮುಟ್ಟಿದ ಕೈಲೆ ದೇವರ ಒಲಿ ಮುಟ್ಟಲೇನು? ಗೋಮಯದಾಗ ಅದ್ದಿದ್ರ ಸಾಬೂನಿನ ಮೈಲಿಗಿ ಹೋಗ್ತದ."

"ದಿನಾ ಹಿಂಗೇ ಮಾಡ್ತೀರೇನ್ರಿ?"

"ಮೊದಲ ದಿನದಿಂದ. ನಾ ಏನು ಬಿಟ್ಟೀನಿ ಅಂದ್ಕೊಂಡಿ?"

ಜಯಾಳಿಗೆ ಮೊದಲು ಬಂದದ್ದು ನಗು. ಕೈಯಲ್ಲಿದ್ದ ತಂಬಿಗೆಯ ನೀರು ತುಳುಕುವ ಹಾಗೆ ನಕ್ಕಳು. ಹನ್ನೆರಡು ದಿನ ಕುಡಿಯುವ ನೀರು ಸುರಿದದ್ದು, ಚಿಪ್ಪಿಗೆ ತೂತು ಹೊಡೆದದ್ದು, ಗಾಂಧಿಯ ಆಣೆ, ಎಲ್ಲ ಆ ಬಟ್ಟಲಲ್ಲಿ ತೇಲುತ್ತಿತ್ತು. ನಗು ಮುಗಿಯುವ ಮೊದಲೇ ಮಾತು ಹೊರಬಿತ್ತು. ಹಲ್ಲಿನ ಬಾಗಿಲು ಹಾಕಲು ಈ ಸಲ ಮರೆತಿದ್ದಳು.

"ನಿಮ್ಮ ಕೈ ಹೊಲಸವ ಅತ್ಯಾ. ಇನ್ಮ್ಯಾಲೆ ಆ ಕೈಲೆ ನನ್ನ ಕೂಸಿಗೆ ಉಣಿಸಬ್ಯಾಡ್ರಿ."

ಅಂಬೂಬಾಯಿ ತಮ್ಮ ಕೈಗಳನ್ನು ಎತ್ತಿ, ಹಿಂದುಮುಂದು ತಿರುಗಿಸಿ, ಬೇರೆ ಯಾರದೋ ಎಂಬಂತೆ ನೋಡಿದರು. ಒಳಗೆ ಹೋಗಲಿಲ್ಲ. ನಡುಮನೆಯ ಕಂಬಕ್ಕೆ ಒರಗಿ ಕೂತರು.

ಮೂರು ದಿನ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಅಂಬೂಬಾಯಿ ತುಳಸಿ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಜಯಾ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಕೂಸಿಗೆ ಗಂಜಿ ಕಾಸಿದಳು. ಕೈಲಿ ಆಗಂಗಿಲ್ಲ ಎಂದಿದ್ದ ಡಾಕ್ಟರೇ ಬಾಟಲಿಯಿಂದ ನೀರು ಏರಿಸಿದರು. ಸೇತು ಬದುಕಿದ. ಪ್ರಾಣೇಶ ಮೂರು ದಿನವೂ ಬಜಾರಿನ ಹೋಟೆಲಿನಲ್ಲಿ ಉಂಡು, ಮನೆಗೆ ಬಂದು, ಉಪವಾಸವಿದ್ದವನ ಮುಖ ಮಾಡಿಕೊಂಡು ಕೂತ.

"ಆಕಿ ಕಾಲಿಗೆ ಬೀಳು, ಮುಗೀತು," ಎಂದ ಹೆಂಡತಿಗೆ.

"ಬೀಳ್ತೀನ್ರಿ. ಬಿದ್ದ ಮ್ಯಾಲೆ ಆ ಬಟ್ಟಲ ಎತ್ತಿಡ್ತಾರೇನು?"

ಪ್ರಾಣೇಶ ಎದ್ದ. ತಾಯಿಯ ಹತ್ತಿರ ಹೋಗಿ ನಾಲ್ಕು ಮಾರು ದೂರ ನಿಂತ. "ಅವ್ವಾ, ಹಿಂಗ ಮಾಡಿದ್ರ ಹೆಂಗ? ಮೊದಲು ಸಾಬೂನ, ಆಮ್ಯಾಲೆ ಸ್ನಾನ, ಆಮ್ಯಾಲೆ ಮಡಿ. ಸಾಬೂನಿನ ಮೈಲಿಗಿನೂ ಹೋಗ್ತದ, ಸೆಗಣಿನೂ ಬೇಕಾಗಿಲ್ಲ." ಅವನ ಜೀವಮಾನದಲ್ಲಿ ಅವನಿಗೆ ಹೊಳೆದ ಒಂದೇ ಒಂದು ಉಪಾಯ ಅದು.

ಅಂಬೂಬಾಯಿ ಮೂರು ದಿನದ ಮೇಲೆ ಬಾಯಿ ಬಿಟ್ಟರು. ದನಿ ಮೆತ್ತಗಿತ್ತು, ಹೆದರಿಸಿದ್ದೇ ಅದು.

"ಹೌದಪ್ಪ. ದಿನಕ್ಕ ನಾಕು ಸಲ ಹಿತ್ತಲಿಗೆ ಹೋಗೋ ಮುದುಕಿ ನಾಕು ಸಲ ತಣ್ಣೀರು ಸುರುಕೋಬೇಕು. ನನಗ ಅರವತ್ತು ದಾಟೇದ. ನಿನ್ನ ಹೇಂತಿ ವಯಸ್ಸಿನಾಕಿ. ಆಕಿ ಕೈ ಚೊಕ್ಕ ಅವ, ನನ್ನವು ಹೊಲಸು. ಹೊಲಸು ಕೈಯಾಕಿ ದೇವರ ಒಲಿ ಮುಂದ ಕೂಡಬಾರದು. ನಾಳಿಂದ ಆಕಿ ಮಡಿ ಉಟ್ಕೊಳ್ಳಲಿ. ನಾ ಪಡಸಾಲ್ಯಾಗ ಕೂತು ಸಾಬೂನ್ಲೆ ಕೈ ತೊಳಕೊಂಡು ಕೂಸಿಗೆ ಉಣಿಸ್ತೀನಿ. ಒಲಿ ಮುಟ್ಟೋದಿಲ್ಲ ಅಂದ ಮ್ಯಾಲೆ ಗೋಮಯ ಯಾಕ ಬೇಕು?"

ಹುಡುಕಿದರೂ ಅದರಲ್ಲಿ ತಪ್ಪು ಸಿಗಲಿಲ್ಲ. ಜಯಾ ಕೇಳಿದ್ದೆಲ್ಲ ಅದರಲ್ಲಿತ್ತು. ಬಟ್ಟಲು ಹೋಗುತ್ತದೆ, ಸಾಬೂನು ಉಳಿಯುತ್ತದೆ, ಕೂಸು ಉಳಿಯುತ್ತದೆ. "ಆಗಲ್ರಿ ಅತ್ಯಾ," ಎಂದಳು. ಅಂಬೂಬಾಯಿ ತಾವೇ ಮಜ್ಜಿಗೆ ಕೇಳಿ ಕುಡಿದರು. ಆ ಬುಧವಾರ ಯಾವ ಏಕಾದಶಿಯೂ ಇರಲಿಲ್ಲವಾಗಿ ಉಗುರನ್ನೂ ತೆಗೆದರು.

ಇನ್ನು ಜಯಾಳಿಗೆ ನಾಲ್ಕಕ್ಕೆ ಏಳುವುದು, ಬಾವಿಯ ನೀರು, ಒದ್ದೆ ಮಡಿಸೀರೆ, ಹೊಗೆ. ಹಿತ್ತಲಿಗೆ ಹೋದರೆ ಸಾಬೂನು, ಸಾಬೂನು ಮುಟ್ಟಿದರೆ ಮತ್ತೆ ಸ್ನಾನ. ಒಂದು ವಾರದಲ್ಲಿ ಜಯಾ ಹಿತ್ತಲಿಗೆ ಹೋಗದಿರುವುದನ್ನು ಕಲಿತಳು; ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಮೂರು ವಾರಕ್ಕೆ ಬೆರಳ ಸಂದುಗಳು ಬಿರಿದವು, ಸಾರಿನ ಹುಳಿ ತಾಗಿದರೆ ಉರಿ. ಮುಂಚೆ ತರಕಾರಿಗೆ, ಡಾಕ್ಟರಿಗೆ, ಖಾದಿ ಭಂಡಾರಕ್ಕೆ ಹೋಗುತ್ತಿದ್ದವಳು ಈಗ ಅಡಿಗೆಮನೆಯ ಕಿಂಡಿಯಿಂದ ಹಿತ್ತಲ ಗೋಡೆ ನೋಡುತ್ತಿದ್ದಳು. ತಿಂಗಳಲ್ಲಿ ಮೂರು ದಿನ ಹೊರಗೆ ಕೂತಾಗ ಬಿಡುವು. ಆಗ ಪಕ್ಕದ ಮನೆಯ ಸಕ್ಕೂಬಾಯಿ ಬಂದು ಅಡಿಗೆ ಮಾಡಿಕೊಟ್ಟು ಹೋಗುತ್ತಿದ್ದರು. ಆ ಬಿಡುವಿನಲ್ಲಿ ಅವಳನ್ನು ಮನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ.

ಅಂಬೂಬಾಯಿಯವರಿಗೆ ಮೂವತ್ತೈದು ವರ್ಷದ ಮೇಲೆ ಬೆಳಗು ಸಿಕ್ಕಿತು. ಪಡಸಾಲೆಯಲ್ಲಿ ಕಾಲು ಚಾಚಿ ಕೂತರು. ಮನೆಮನೆಗೆ ಹೋದರು. "ಸಾಬೂನ ಹಚ್ಚಿ ಸುಮ್ಮನ ತೊಳದ್ರ ಆಗೋದಿಲ್ಲ ಸಕ್ಕೂ, ಕೇಶವದಿಂದ ಕೃಷ್ಣನ ತನಕ ತಿಕ್ಕಬೇಕು. ಉಪ್ಪುನೀರು ಬ್ಯಾಡ. ಚಿಪ್ಪಿಗೆ ತೂತು ಬೇಕು." ಓಣಿಯ ಏಳೆಂಟು ಮನೆಗಳ ಗೋಡೆಯ ಮೇಲೆ ತೆಂಗಿನ ಚಿಪ್ಪು ಬಂದವು. ಎಲ್ಲರೂ ಅದನ್ನು ಅಂಬಕ್ಕನ ಸಾಬೂನು ಎಂದರು. ಸೇತು ದುಂಡಗಾದ. ಮೊಮ್ಮಗನಿಗೆ ನಾಮ ಕಲಿಸಿದವರೂ ಅವರೇ. ಪಡಸಾಲೆಯಲ್ಲಿ ಜನ ಬಂದುಹೋಗುವರೆಂದು ಅವನಿಗೆ ಬೆಳಿಗ್ಗೆಯೇ ಅಂಗಿ ಚಡ್ಡಿ ಹಾಕತೊಡಗಿದವರೂ ಅವರೇ.

ನಾಗರಪಂಚಮಿಗೆ ಮೂರು ದಿನ ಮುಂಚೆ ಬೆಳಗಲ್ಲಿನಿಂದ ಜಯಾಳ ಅಣ್ಣ ಪ್ರಹ್ಲಾದ ಕರೆಯಲು ಬಂದ. ಅಡಿಗೆಮನೆಯ ಹೊರಗೆ ನಿಂತು ಮಾತಾಡಿಸಿದ.

"ಅವ್ವ ಉಂಡಿ ಕಟ್ಯಾಳ. ಜೋಕಾಲಿ ಹಾಕೇವಿ. ನಾಳೆ ಬೆಳಗಿನ ಬಸ್ಸಿಗೆ ಹೊರಡು."

ಪಡಸಾಲೆಯಿಂದ ಅಂಬೂಬಾಯಿಯವರ ದನಿ ಬಂತು, ಅಕ್ಕರೆಯಿಂದಲೇ. "ಕರ್ಕೊಂಡು ಹೋಗಪ್ಪ, ಯಾರು ಬ್ಯಾಡಂದ್ರು? ನಾನೇ ಮಡಿ ಉಟ್ಕೊಂಡು ನಾಕು ದಿನ ಬೇಯಿಸಿ ಹಾಕ್ತೀನಿ. ನನ್ನ ಪದ್ಧತಿ ನನಗ ಮರ್ತಿಲ್ಲ. ಆ ಬಟ್ಟಲೂ ಅಲ್ಲೇ ಅಟ್ಟದ ಮ್ಯಾಲೆ ಅದ."

ಪ್ರಹ್ಲಾದನಿಗೆ ಅದರಲ್ಲಿ ಒಳ್ಳೆಯ ಮಾತು ಮಾತ್ರ ಕೇಳಿಸಿತು. "ಮತ್ತೇನು? ನಿಮ್ಮತ್ತಿ ಒಪ್ಯಾರಲ್ಲ."

"ಮಗನನ್ನ ಕರ್ಕೊಂಡು ಹೋಗಲೇನ್ರಿ ಅತ್ಯಾ?" ಎಂದು ಜಯಾ ಒಳಗಿನಿಂದ ಕೇಳಿದಳು.

"ಅವನ್ಯಾಕ? ಬಸ್ಸಿನ ಧೂಳು, ಬೆಳಗಲ್ಲಿನ ಹಳ್ಳದ ನೀರು. ಈಗಷ್ಟ ಚೇತರಿಸ್ಕೊಂಡದ ಕೂಸು."

ಜಯಾ ಅನ್ನದ ಕೈಯಿಂದ ಹಣೆಯ ಬೆವರು ಒರೆಸಿಕೊಳ್ಳಲು ಹೋಗಿ, ಮಡಿಯ ನೆನಪಾಗಿ, ಕೈ ತಡೆದಳು. "ಈ ವರ್ಷ ಬರೋದು ಆಗೂದಿಲ್ಲ ಅಂತ ಅವ್ವಗ ಹೇಳಣ್ಣ," ಎಂದಳು. ಪ್ರಹ್ಲಾದ ಉಂಡೆಯ ಡಬ್ಬಿಯನ್ನು ಪಡಸಾಲೆಯಲ್ಲಿಟ್ಟು ಮಧ್ಯಾಹ್ನದ ಬಸ್ಸಿಗೆ ಹೋದ. ಉಂಡೆ ಬಸ್ಸಿನ ಮೈಲಿಗೆಯಲ್ಲಿ ಬಂದಿದ್ದರಿಂದ ಅಡಿಗೆಮನೆಯ ಒಳಗೆ ಬರಲಿಲ್ಲ.

ಪಂಚಮಿಯ ದಿನ ಬೆಳಿಗ್ಗೆ ಜಯಾ ಕಡಬು ಬೇಯಿಸುತ್ತಿದ್ದಾಗ ಹಿತ್ತಲಿನಿಂದ ಸೇತುವಿನ ದನಿ ಕೇಳಿತು. ಕೇಶವ, ನಾಯಾಯಣ, ಮಾಧವ. ಅನಿರುದ್ಧನನ್ನು ನುಂಗಿ, ಜನಾರ್ದನನನ್ನು ಎರಡು ಸಲ ಹೇಳಿ, ಕೃಷ್ಣನಿಗೆ ಜೋರಾಗಿ ಕೂಗಿ ಮುಗಿಸಿದ. ಆಮೇಲೆ ಓಡುತ್ತ ಬಂದು ಹೊಸ್ತಿಲ ಹೊರಗೆ ನಿಂತ. ಹೊಸ ನೀಲಿ ಅಂಗಿ. ಮುಂದೆ ಚಾಚಿದ ಎರಡು ಕೈಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಮ್ಮಾ, ಚೊಕ್ಕ ತೊಳಕೊಂಡೀನಿ. ಎತ್ಕೋ."

"ಮಡಿಯಾಗ ಅದೀನಪ್ಪ. ನೈವೇದ್ಯ ಆಗಲಿ."

"ಮೂಸಿ ನೋಡು, ಬೇವಿನ ವಾಸನಿ."

"ಇಲ್ಲಿ ತನಕ ಬರ್ತದ. ಶ್ಯಾಣ್ಯಾ ಅದೀ."

ಅವನು ಯೋಚಿಸಿದ. "ಅಂಗಿ ಚಡ್ಡಿ ಬಿಚ್ಚಿದ್ರ ಎತ್ಕೋತೀಯೇನು?"

ಜಯಾ ಸೌಟು ಕೆಳಗಿಟ್ಟಳು. "ಎತ್ಕೋತೀನಿ."

ಸೇತು ನಾಲಿಗೆ ಹೊರಚಾಚಿ ಮೇಲಿನ ಗುಂಡಿಗೆ ಕೈಹಾಕಿದ. ಒದ್ದೆ ಬೆರಳು ಜಾರಿತು. ಮತ್ತೆ ಹಿಡಿದ. "ನೀ ಬಿಚ್ಚು," ಎಂದು ಒಂದು ಹೆಜ್ಜೆ ಮುಂದೆ ಬಂದ. ಜಯಾ ಕೈಗಳನ್ನು ಎದೆಗೆ ಮಡಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. "ಅಲ್ಲೇ ನಿಲ್ಲು ಮರಿ. ಅಂಗಿ ನಾ ಮುಟ್ಟಂಗಿಲ್ಲ. ನೀನೇ ಬಿಚ್ಚು. ನಿಧಾನ."

"ಸೇತೂ, ಕೃಷ್ಣನ ತನಕ ಹೇಳಿದ್ಯೋ, ಹರಿಗೇ ನಿಲ್ಲಿಸಿದ್ಯೋ?" ಎಂದು ಪಡಸಾಲೆಯಿಂದ ಅಜ್ಜಿ ಕೇಳಿದರು.

ಸೇತು ಎರಡೂ ಕೈಯಲ್ಲಿ ಗುಂಡಿಯನ್ನು ತಿರುವುತ್ತಿದ್ದ. ಅದು ಕಾಜಾದಿಂದ ಹೊರಬರಲೊಲ್ಲದು. ಕಾಜಾ ಸಡಿಲವಾಗಿ ಎದೆ ತೆರೆದುಕೊಳ್ಳುತ್ತದೆ, ಗಾಳಿ ತಾಗಿ ಕೂಸಿಗೆ ನೆಗಡಿಯಾದೀತೆಂದು ಹೋದ ವಾರ ಜಯಾಳೇ ಕೂತು, ಎರಡೂ ಬದಿಗೆ ನಾಲ್ಕು ಹೊಲಿಗೆ ಹಾಕಿ ಅದನ್ನು ಬಿಗಿ ಮಾಡಿದ್ದಳು.